ಸರದಾರಸಾಬನ ಬಲಗೈ, ಮಾಸ್ತರರ ಅಂಬಾಸಿಡರು

ಶಹಾಪುರದ ಸರದಾರಸಾಬನನ್ನು ಹೇಗಾದರೂ ಕೂಡಿಸಬಹುದಿತ್ತು, ಅವನ ಬಲಗಾಲನ್ನು ಕೂಡಿಸುವುದು ಮಾತ್ರ ಯಾರಿಂದಲೂ ಆಗಿರಲಿಲ್ಲ. ಯಾದಗಿರಿ ಬಸ್ಸಿನಲ್ಲಿ ಹೋಗುವಾಗ ರಸ್ತೆಗೆ ಎಮ್ಮೆ ಅಡ್ಡ ಬಂದರೆ ಡ್ರೈವರನಿಗಿಂತ ಮೊದಲು ಇವನ ಕಾಲು ಬಸ್ಸಿನ ತಗಡನ್ನು ಒತ್ತುತ್ತಿತ್ತು. ಉಣ್ಣುವಾಗಲೂ ಒತ್ತುತ್ತಿತ್ತು. "ಸಾರು ಎಲ್ಲೂ ಓಡಿ ಹೋಗಂಗಿಲ್ಲ, ಕಾಲು ಸುಮ್ನ ಇಡ್ರಿ," ಎಂದು ಹೆಂಡತಿ ನಜೀಮಾ ದಿನಕ್ಕೆರಡು ಸಲ ಹೇಳುತ್ತಿದ್ದಳು.

ಮೂವತ್ತನಾಲ್ಕು ವರ್ಷ ಬ್ರೇಕಿನ ಕೆಲಸವೊಂದನ್ನೇ ಮಾಡಿದ ಕಾಲು ಅದು. ಸುರಪುರ ರಸ್ತೆಯ ಅವನ ಗ್ಯಾರೇಜಿಗೆ ಎಂಜಿನ್ ಕೆಟ್ಟ ಗಾಡಿ ಬಂದರೆ ಪಕ್ಕದವರ ಕಡೆ ಕಳಿಸಿಬಿಡುತ್ತಿದ್ದ. ಅವನ ಕೈಯಿಂದ ಹೋದ ಗಾಡಿ ಬ್ರೇಕಿನ ಸಲುವಾಗಿ ತಿರುಗಿ ಬಂದದ್ದಿಲ್ಲ. ದೋರನಹಳ್ಳಿಯಿಂದ ಕೆಂಭಾವಿಯವರೆಗೆ ಡ್ರೈವರರು ಈ ಮಾತು ಹೇಳುತ್ತಿದ್ದರು. ಅವರು ಮರೆತರೆ ಅವನೇ ನೆನಪು ಮಾಡಿಕೊಡುತ್ತಿದ್ದ.

ಹೋದ ಮಳೆಗಾಲದಲ್ಲಿ ನಿವೃತ್ತ ಮಾಸ್ತರ ಜಗದೇವಪ್ಪನವರ ಅಂಬಾಸಿಡರು ಕೆಂಭಾವಿ ಕಡೆಯ ಒಂದು ಹಳ್ಳ ದಾಟಿತು. ಡ್ರಮ್ಮಿನೊಳಗೆ ನೀರು ಹೊಕ್ಕು ಬ್ರೇಕು ಜಾರಿ, ಗಾಡಿ ಯಾರದೋ ಹತ್ತಿ ಹೊಲದೊಳಗೆ ಹೋಗಿ ತಾನಾಗಿ ನಿಂತಿತು. ಮಾಸ್ತರರ ಹೆಂಡತಿ ಬಸ್ಸಮ್ಮ ಮದುವೆಯಾಗಿ ಬಂದದ್ದು ಅದೇ ಗಾಡಿಯಲ್ಲಿ. ಅವತ್ತು ಇಳಿದವರು, ನಿಲ್ಲುವ ಗಾಡಿಯಾದರೆ ಮಾತ್ರ ಮತ್ತೆ ಹತ್ತುವುದಾಗಿ ಹೇಳಿ ಹೊಲದಿಂದ ನಡೆದೇ ಬಸ್ ಸ್ಟ್ಯಾಂಡಿಗೆ ಹೋದರು.

ಹಾಗಾಗಿ ಡಿಸ್ಕ್ ಬ್ರೇಕಿನ ಮಾತು ಬಂತು. ಡ್ರಮ್ಮಿನಲ್ಲಿ ಪಟ್ಟಿಗಳು ಒಳಗಿನಿಂದ ಒತ್ತಿ ಚಕ್ರ ನಿಲ್ಲಿಸುತ್ತವೆ. ಡಿಸ್ಕಿನಲ್ಲಿ ಒಂದು ತಟ್ಟೆಯನ್ನು ಎರಡೂ ಬದಿಯಿಂದ ಚಿಮಟಿಗೆಯಂತೆ ಹಿಡಿಯುವ ಕ್ಯಾಲಿಪರು ಇರುತ್ತದೆ. ನೀರು ನಿಲ್ಲುವುದಿಲ್ಲ, ಗಾಡಿ ನಿಲ್ಲುತ್ತದೆ. ಸರದಾರಸಾಬ ಹೈದರಾಬಾದಿನ ಗುಜರಿ ಅಂಗಡಿಗಳನ್ನು ಮೂರು ಸಲ ತಿರುಗಿ, ಅದೇ ಗಾಡಿಯ ಈಚಿನ ಮಾಡೆಲಿನದೊಂದು ಜೋಡಿ ತಂದ. ಇಂಥ ಕೆಲಸ ಅವನಿಗೂ ಹೊಸದು. ಆದರೆ ಹೊಸದು ಎಂದು ಯಾರಿಗೂ ಹೇಳಲಿಲ್ಲ.

ಕೆಲಸಕ್ಕೆ ಕೈ ಹಚ್ಚುವ ದಿನ ಮಾಸ್ತರರೂ ಬಂದರು. "ಬಲಗಡಿಯಿಂದ ಶುರು ಮಾಡಪಾ," ಎಂದರು.

"ನಮ್ಮೊಳಗೂ ಹಂಗ ಅದ್ರಿ ಮಾಸ್ತರ. ಬಿಸ್ಮಿಲ್ಲಾ ಅಂದು ಬಲಗೈ."

ಬಾನೆಟ್ಟು ತೆರೆದು ಗಾಡಿಗೆ ಎದುರಾಗಿ ನಿಂತು, ಬಲದ್ದು ಎಂದು ಗುರುತಿದ್ದ ಕ್ಯಾಲಿಪರನ್ನು ಬಲಗೈಯಲ್ಲಿ ಹಿಡಿದು, ಬಲಕ್ಕೆ ಕಂಡ ಚಕ್ರಕ್ಕೆ ಕೂಡಿಸಿದ, ಎಡದ್ದನ್ನು ಇನ್ನೊಂದಕ್ಕೆ. ಮಾಸ್ತರರು ಅವನ ಪಕ್ಕ ನಿಂತು ತಲೆಯಾಡಿಸಿದರು. ಬೋಲ್ಟುಗಳು ಹೇಳಿ ಮಾಡಿಸಿದಂತೆ ಹೊಂದಿದವು.

ಆದರೆ ಪೆಡಲು ಮೆತ್ತಗಾಯಿತು. ಮೊದಲ ಒತ್ತಿಗೆ ಕಾಲು ತಳಕ್ಕೆ ಹೋಗುತ್ತದೆ, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಗಟ್ಟಿ. ಅಂದರೆ ಬ್ರೇಕಿನ ಎಣ್ಣೆಯಲ್ಲಿ ಗಾಳಿ ಉಳಿದಿದೆ. ಅದನ್ನು ಹೊರಹಾಕಲು ಕ್ಯಾಲಿಪರಿಗೊಂದು ಸಣ್ಣ ನಿಪ್ಪಲ್ ಇರುತ್ತದೆ. ಮೂರು ದಿನ ತಿರುವಿ ತಿರುವಿ ಎಣ್ಣೆ ತೆಗೆದ. ಎಣ್ಣೆ ಬಂತು, ಗಾಳಿ ಬರಲಿಲ್ಲ. "ಗಾಳಿ ಹೊಕ್ಕಾದಂದ್ರ ನಿಂಬಿಹಣ್ಣು ಇಳಿ ತೆಗೀಬೇಕಲ್ಲ," ಎಂದು ಬಸ್ಸಮ್ಮ ಫೋನಿನಲ್ಲಿ ಹೇಳಿದಾಗ ಅವನಿಗೆ ನಗು ಬರಲಿಲ್ಲ. ತಡೆ ಹಾಕಲು ಹೋದ ಕೆಲಸಕ್ಕೇ ತಡವಾಗಿತ್ತು. ರಾತ್ರಿ ನಿದ್ದೆಯಲ್ಲಿ ಮೂರು ಸಲ ಒತ್ತಿ ಒತ್ತಿ ನಜೀಮಾಳ ಕಾಲನ್ನೇ ತುಳಿದ.

ನಾಲ್ಕನೆಯ ದಿನ ಮಧ್ಯಾಹ್ನ ಮಾಸ್ತರರು ಹೆಂಡತಿಯನ್ನು ಕರೆದುಕೊಂಡೇ ಬಂದರು. ಸುರಪುರಕ್ಕೆ ಹೋಗುವುದಿತ್ತು, ತಂಗಿಯ ಮನೆಯಲ್ಲಿ ತೊಟ್ಟಿಲು ಕಾರ್ಯ.

"ಇನ್ನೆರಡ ದಿನ ಇರ್ಲಿ ಮಾಸ್ತರ. ಮೊದಲ ಒತ್ತು ಖಾಲಿ ಹೋಗಾಕತ್ತಾದ."

ಮಾಸ್ತರರು ಕೂತು ತಮ್ಮ ನಲವತ್ತು ವರ್ಷದ ರೂಢಿಯಂತೆ ಪಟಪಟನೆ ಮೂರು ಸಲ ಒತ್ತಿದರು. ಈ ಸೀಮೆಯಲ್ಲಿ ಡ್ರಮ್ಮಿನ ಗಾಡಿ ಓಡಿಸಿದವರೆಲ್ಲ ಹಾಗೇ. ಪೆಡಲು ಕಲ್ಲಿನಂತೆ ನಿಂತಿತು. "ಇಷ್ಟ ಗಟ್ಟಿ ಅದಲ್ಲೊ. ಮತ್ತೇನ ಬೇಕು?"

"ಸಾಬ ಹೇಳಿದ್ರ ನಾ ಹತ್ತತೀನಿ," ಎಂದರು ಬಸ್ಸಮ್ಮ, ಬಾಗಿಲು ಹಿಡಿದುಕೊಂಡು.

ನನಗೆ ಗೊತ್ತಾಗುತ್ತಿಲ್ಲ ಎಂದು ಸರದಾರಸಾಬ ಹೇಳಬೇಕಿತ್ತು. ಆ ಮಾತಿಗೆ ಮಾತ್ರ ಅವನ ನಾಲಗೆಯ ಬ್ರೇಕು ಒಂದೇ ಒತ್ತಿಗೆ ಹಿಡಿಯಿತು. "ಹತ್ರಿ ಅಕ್ಕಾರ," ಎಂದ. ಗಾಡಿ ಹೋಯಿತು.

ಆಜಾನ್ ಕೇಳಿ ಮಸೀದಿಗೆ ನಡೆದ. ಸಮಾಧಾನಕ್ಕೆ ಅದಕ್ಕಿಂತ ಹತ್ತಿರದ ಜಾಗ ಇರಲಿಲ್ಲ. ನಮಾಜಿಗೆ ಮೊದಲು ಕೈಕಾಲು ತೊಳೆಯುವ ನೀರಿನ ತೊಟ್ಟಿಯ ಈ ದಂಡೆಗೆ ಅವನು, ಎದುರು ದಂಡೆಗೆ ಬಟ್ಟೆ ಅಂಗಡಿಯ ಅಸದ. ಇಬ್ಬರೂ ಬಲಗೈ ಮೊದಲು ಮುಂದೆ ಮಾಡಿದರು. ಸರದಾರಸಾಬ ತನ್ನ ಬಲಗೈ ನೋಡಿದ, ಅದರ ಎದುರಿಗೆ ನೋಡಿದ. ಅಲ್ಲಿದ್ದದ್ದು ಅಸದನ ಎಡಗೈ.

ನೀರು ಮೊಳಕೈಯಿಂದ ಸೋರುತ್ತಲೇ ಇತ್ತು. ಗಾಡಿಗೂ ಮುಖವಿದೆ. ತಾನು ಅದಕ್ಕೆ ಎದುರಾಗಿ ನಿಂತಿದ್ದ. ತನ್ನ ಬಲ ಅದರ ಎಡ. ಎರಡು ಕ್ಯಾಲಿಪರೂ ಅದಲುಬದಲಾಗಿ, ಮೇಲಿರಬೇಕಾದ ನಿಪ್ಪಲ್ ಕೆಳಗಾಗಿದೆ. ಎಣ್ಣೆ ಕೆಳಗಿನಿಂದ ಬರುತ್ತದೆ, ಗಾಳಿ ಮೇಲೆ ಮನೆ ಮಾಡಿಕೊಂಡು ಕೂತಿದೆ.

"ಏನಾತು ಮಾಮು?" ಎಂದ ಅಸದ.

"ಅಲ್ಲಾ ಮಾಫ್ ಮಾಡ್ಲಿ, ನಾ ಬಂದೆ," ಎಂದು ಒದ್ದೆ ಕೈಯಲ್ಲೇ ಬೈಕಿನ ಕಡೆ ಓಡಿದ.

ಫೋನು ಹಚ್ಚಿದ. ಮಾಸ್ತರರ ಫೋನು ಕೈಚೀಲದಲ್ಲಿ, ಕೈಚೀಲ ಡಿಕ್ಕಿಯಲ್ಲಿ. ಅದು ಅವರ ಶಿಸ್ತು. ಬೋಲ್ಟು ಬಿಚ್ಚುವ ಪಾನಾಗಳ ಚೀಲ, ಎಣ್ಣೆಯ ಡಬ್ಬಿ ಬೈಕಿನ ಪೆಟ್ಟಿಗೆಯಲ್ಲೇ ಇದ್ದವು. ಸುರಪುರದ ಗುಡ್ಡದ ಇಳಿಜಾರಿನಲ್ಲಿ ಎದುರಿಗೆ ಲಾರಿ ಬಂದರೆ ಮೂರು ಸಲ ಒತ್ತಲು ಪುರುಸೊತ್ತು ಎಲ್ಲಿರುತ್ತದೆ? ಬೈಕಿನ ಮೇಲೂ ಅವನ ಕಾಲು ಒತ್ತುತ್ತಿತ್ತು. ಆ ಬೈಕಿನ ಬ್ರೇಕೂ ಬಲಗಾಲಿಗೇ ಇದ್ದುದರಿಂದ ವೇಗ ಕುಂದುತ್ತಿತ್ತು. ತನ್ನ ಕಾಲಿಗೆ ತಾನೇ ಬೈದುಕೊಂಡ.

ಹತ್ತಿಗೂಡೂರು ದಾಟಿದ ಮೇಲೆ ಕೆನೆಬಣ್ಣದ ಗಾಡಿ ಕಂಡಿತು. ಬೇರೆ ಯಾರಾದರೂ ಮುಂದೆ ಹೋಗಿ ಅಡ್ಡ ನಿಲ್ಲುತ್ತಿದ್ದರು. ಅದಕ್ಕೆ ಅಡ್ಡ ನಿಲ್ಲಬಾರದೆಂದು ಇಡೀ ಜಿಲ್ಲೆಯಲ್ಲಿ ಇವನೊಬ್ಬನಿಗೇ ಗೊತ್ತಿತ್ತು. ಮಾಸ್ತರರ ಕಿಟಕಿಯ ಸಮಕ್ಕೆ ಬಂದ.

"ಮಾಸ್ತರ, ಬ್ರೇಕ್ ಒತ್ತಬ್ಯಾಡ್ರಿ. ಮೊದಲ ಗೇರ್ ಇಳಸ್ರಿ, ದಂಡಿಗಿ ತಗೋರಿ."

"ಯಾಕೊ, ಪಾನಾ ಬಿಟ್ಟೀಯೇನು ಗಾಡ್ಯಾಗ?"

"ಅಕಲ್ ಬಿಟ್ಟೀನ್ರಿ. ಮೊದಲ ಗೇರ್ ಇಳಸ್ರಿ."

ಗಾಡಿ ಬೇವಿನ ಮರದ ಹತ್ತಿರ ಉಸಿರು ಬಿಡುತ್ತ ನಿಂತಿತು. ಸರದಾರಸಾಬ ಬೈಕು ಸ್ಟ್ಯಾಂಡಿಗೆ ಹಾಕಲೂ ಮರೆತು ಮರಕ್ಕೆ ಒರಗಿಸಿದ.

"ಬಲದ್ದು ಎಡಕ್ಕ ಹಾಕೀನಿ. ಮೂರು ದಿನ ತಿಳೀಲಿಲ್ಲ. ತಿಳೀವಲ್ದು ಅಂತ ಹೇಳಾಕ ನಾಚಿಕಿ ಬಂತು, ನಿಮ್ಮನ್ನ ಹತ್ತಸಿ ಕಳಿಸೀನಿ. ತಪ್ಪು ನಂದು."

ಬಸ್ಸಮ್ಮ ಇಳಿದು ಸೆರಗು ಸರಿ ಮಾಡಿಕೊಂಡರು. ಬಸ್ಸು ಬರುವ ದಿಕ್ಕಿಗೊಮ್ಮೆ ನೋಡಿದರು. ಮಾಸ್ತರರು ಮೆಲ್ಲಗೆ ಹೇಳಿದರು: "ಮಕ್ಕಳಿಗಿ ಕವಾಯತು ಕಲಸುವಾಗ, ಬಲಗೈ ಎತ್ರಿ ಅಂದು ನಾ ಎಡಗೈ ಎತ್ತತಿದ್ದೆ. ಎದುರಿಗಿ ನಿಂತಿರ್ತೀನಲ್ಲ, ಅದಕ್ಕ. ಅಂಥಾ ನಾನೂ ಅವತ್ತು ನಿನ್ನ ಬಾಜೂಕ ನಿಂತು ತಲಿ ಆಡಿಸೀನಿ."

"ಇಬ್ರೂ ಶ್ಯಾಣ್ಯಾರ ಒಂದ ಕಡಿ ನಿಂತರ ಹಿಂಗ ಆಗತಾದ," ಎಂದರು ಬಸ್ಸಮ್ಮ. "ಈಗ ಎಷ್ಟ ಹೊತ್ತು ಬೇಕು?"

"ಎರಡ ತಾಸು ಅಕ್ಕಾರ."

ಜಾಕು ಏರಿಸಿ ಎರಡನ್ನೂ ಬಿಚ್ಚಿ, ಈ ಸಲ ಡ್ರೈವರ್ ಸೀಟಿನಲ್ಲಿ ಕೂತು ಎಡ ಬಲ ನೋಡಿಕೊಂಡು ಬಂದು ಕೂಡಿಸಿದ. ಪೆಡಲು ಒತ್ತಿ ಒತ್ತಿ ಹಿಡಿಯಲು ಮಾಸ್ತರರ ಮೊಣಕಾಲು ಒಪ್ಪಲಿಲ್ಲ. ಬಸ್ಸಮ್ಮ ಚಪ್ಪಲಿ ಬಿಟ್ಟು ಡ್ರೈವರ್ ಸೀಟಿಗೆ ಹತ್ತಿದರು. "ಒತ್ರಿ. ಹಿಡೀರಿ. ಬಿಡ್ರಿ." ನಿಪ್ಪಲಿನಿಂದ ಗುಳ್ಳೆಗಳು ಬುಳುಬುಳು ಬಂದವು. ಎಷ್ಟೋ ಹೊತ್ತಿನ ಮೇಲೆ ಬಸ್ಸಮ್ಮ ತಾವೇ ಹೇಳಿದರು: "ತಡಿ. ಈಗ ಮೊದಲ ಒತ್ತಿಗೇ ಗಟ್ಟಿ ಆಗ್ಯಾದ."

ಮಾಸ್ತರರು ಅವನ ಹೆಗಲ ಮೇಲೆ ಕೈ ಇಟ್ಟರು. "ಊರಾಗ ನಾ ಯಾರ ಮುಂದೂ ಹೇಳಂಗಿಲ್ಲ."

"ಹೇಳ್ರಿ ಮಾಸ್ತರ. ನಾನೂ ಹೇಳತೀನಿ. ನಾಳಿ ಇನ್ನೊಬ್ಬ ಮಿಸ್ತ್ರಿ ಎದುರಿಗಿ ನಿಂತು ಬಲಗೈಲೆ ಶುರು ಮಾಡ್ಯಾನು."

ಬಸ್ಸಮ್ಮ ಹಿಂದಿನ ಸೀಟಿಗೆ ಹೋಗಿ ಕೂತರು. ಆದರೆ ಬಾಗಿಲು ಹಾಕಲಿಲ್ಲ. "ಇಳಿಜಾರು ಸಾಬನೇ ಇಳಸ್ಲಿ. ಅವನೂ ಒಳಗಿದ್ರ ನಾ ಬರತೀನಿ."

ಸರದಾರಸಾಬ ಕೈ ಒರೆಸಿಕೊಂಡು ಡ್ರೈವರ್ ಸೀಟಿಗೆ ಕೂತ, ಬಸ್ಸಮ್ಮ ಬಾಗಿಲು ಹಾಕಿಕೊಂಡರು. ಗುಡ್ಡದ ನೆತ್ತಿ ದಾಟಿ ಗಾಡಿ ಕೆಳಮುಖವಾಯಿತು. ಅರ್ಧ ಇಳಿದಾಗ ಒಮ್ಮೆ ಒತ್ತಿದ. ಒಮ್ಮೆ ಮಾತ್ರ. ಗಾಡಿ ನಿಂತಿತು. ಹಿಂದೆ ಬಂದ ಟಂಟಂ ಆಟೋದವನು ಹಾರ್ನ್ ಹೊಡೆದು ಏನೋ ಅಂದು ಮುಂದೆ ಹೋದ.

"ಯಾಕ ನಿಲ್ಲಸಿದಿ?" ಎಂದರು ಬಸ್ಸಮ್ಮ.

"ನಿಲ್ತಾದೊ ಇಲ್ಲೊ ನೋಡಿದ್ನಿ ಅಕ್ಕಾರ."

"ನಿಂತದಲ್ಲ. ನಡಿ, ಕೂಸಿಗಿ ಹೆಸರಿಟ್ಟು ಮುಗಸ್ಯಾರು," ಎಂದು ಅವರು ಬಾಗಿಲನ್ನು ಮತ್ತೊಮ್ಮೆ ಗಟ್ಟಿಯಾಗಿ ಎಳೆದುಕೊಂಡರು.