ಬದುಕಿದ್ದ ಪಾರ್ಫಿಟ್ ಅವರ ಹೆಸರಿನ ಬೀದಿ

ಸೆಡ್ರಿಕ್ ಪಾರ್ಫಿಟ್ ನಮ್ಮ ಲಿಟಲ್ ಹಾರ್ಕೂಮ್ ಹಳ್ಳಿಯ ಚರಂಡಿ, ಬೇಲಿ, ಕಾಲುದಾರಿಗಳನ್ನು ಮೂವತ್ತೆಂಟು ವರ್ಷ ನೋಡಿಕೊಂಡವರು. ಯಾವ ಹೊಲದ ನೀರು ಯಾವ ಮೋರಿಗೆ ಇಳಿಯುತ್ತದೆ ಎಂಬುದು ನಕ್ಷೆಯಲ್ಲಿರಲಿಲ್ಲ, ಅವರ ತಲೆಯಲ್ಲಿತ್ತು. ನೀರು ಪರೀಕ್ಷಿಸುವ ಪ್ರಯೋಗಾಲಯದಿಂದ ನಿವೃತ್ತಳಾಗಿ ಊರಿನ ಇತಿಹಾಸ ಸಂಘದ ಕಾರ್ಯದರ್ಶಿಯಾದ ಮೇಲೆ, ನಾನು ಒಂದು ಚಳಿಗಾಲವಿಡೀ ಅವರ ಅಡುಗೆಮನೆಯಲ್ಲಿ ಕೂತು ಅದನ್ನೆಲ್ಲ ಬರೆದುಕೊಂಡೆ.

"ನಿನ್ನ ಲ್ಯಾಬಿನ ಸೀಸೆಗಿಂತ ನನ್ನ ಬೂಟು ಬೇಗ ಹೇಳುತ್ತೆ ಕಣಮ್ಮಾ, ನೀರು ಎಲ್ಲಿ ಕೆಟ್ಟಿದೆ ಅಂತ," ಎಂದು ಅವರು ನಗುತ್ತಿದ್ದರು.

ಆರು ವರ್ಷದ ಹಿಂದೆ ಸೊಂಟದ ಮೂಳೆ ಮುರಿದಾಗ ಅವರನ್ನು ಎಂಟು ಮೈಲಿ ದೂರದ ಪಟ್ಟಣದ ವೃದ್ಧಾಶ್ರಮಕ್ಕೆ ಸೇರಿಸಿದರು. ಬರುತ್ತಿರುತ್ತೇನೆ ಎಂದಿದ್ದೆ. ಎರಡು ಸಲ ಹೋದೆ. ಒಂದು ಕ್ರಿಸ್‌ಮಸ್‌ಗೆ ನನ್ನ ಕಾರ್ಡಿಗೆ ಉತ್ತರ ಬರಲಿಲ್ಲ. ತೀರಿಕೊಂಡಿರಬೇಕು ಎಂದುಕೊಂಡೆ.

ಹೋದ ವರ್ಷ ಹಳೆಯ ಬಾರ್ಲಿ ಹೊಲಗಳಲ್ಲಿ ಇನ್ನೂರ ಹನ್ನೆರಡು ಮನೆಗಳು ಎದ್ದವು. ನಾಲ್ಕು ಬೀದಿಗಳಿಗೆ ಊರಿನವರ ಹೆಸರು ಸೂಚಿಸಿ ಎಂದು ಗ್ರಾಮ ಪರಿಷತ್ತು ನಮ್ಮ ಸಂಘವನ್ನು ಕೇಳಿತು. ಬದುಕಿರುವವರ ಹೆಸರು ಇಡುವಂತಿಲ್ಲ ಎಂಬುದು ನಿಯಮ. ಮೂವರ ಸಾವಿನ ದಿನಾಂಕವನ್ನು ಚರ್ಚಿನ ದಾಖಲೆಯಲ್ಲಿ ನೋಡಿ ಬರೆದೆ. ನಾಲ್ಕನೆಯವರು ಪಾರ್ಫಿಟ್. ಗೊತ್ತಿದ್ದವರಲ್ಲವೇ ಎಂದು ನೋಡಲಿಲ್ಲ. 'ದಿವಂಗತ' ಎಂದು ಬರೆದು ಸಹಿ ಹಾಕಿದೆ. ಫಲಕ ಬಂತು. ಬೀದಿಗಳ ಕಥೆ ಹೇಳುವ ಕಿರುಪುಸ್ತಕವನ್ನು ಹೊಸ ಮನೆಗಳಿಗೆಲ್ಲ ನಾನೇ ಹಂಚಿದೆ.

ಏಪ್ರಿಲ್‌ನಲ್ಲಿ ಒಬ್ಬ ಹೆಂಗಸು ಆ ಪುಸ್ತಕ ಹಿಡಿದು ನನ್ನ ಬಾಗಿಲಿಗೆ ಬಂದಳು. ಫಿಲಿಪೈನ್ಸ್‌ನ ಮಾರಿಸೆಲ್. ಪಾರ್ಫಿಟ್ ಲೇನಿನಲ್ಲೇ ಮನೆ, ಪಟ್ಟಣದ ವೃದ್ಧಾಶ್ರಮದಲ್ಲಿ ಕೆಲಸ.

"ಮೇಡಂ, ಈ ತಾತ ಸತ್ತಿಲ್ಲ. ಬೆಳಿಗ್ಗೆ ನಾನೇ ಗಡ್ಡ ಹೆರೆದು ಬಂದೆ."

ಊರಿಗೆ ಬಂದು ಐದು ತಿಂಗಳಾಗಿದ್ದವಳಿಗೆ ಗೊತ್ತಿದ್ದದ್ದು, ಇತಿಹಾಸ ಬರೆಯುವ ನನಗೆ ಗೊತ್ತಿರಲಿಲ್ಲ.

ಮರುದಿನ ಹೋದೆ. ಪಾರ್ಫಿಟ್ ಕಿಟಕಿಯ ಬಳಿ ಕೂತಿದ್ದರು. ತೊಂಬತ್ತೊಂದು ವರ್ಷ. ಕಣ್ಣು ಇನ್ನೂ ಚುರುಕಾಗಿತ್ತು. ತೊಡೆಯ ಮೇಲೆ ನನ್ನ ಪುಸ್ತಕ.

"ಬಾಮ್ಮಾ ಡಾಫ್ನಿ. ಹೂವು ತಂದಿಲ್ವಾ? ಸತ್ತೋರನ್ನ ನೋಡೋಕೆ ಬರಿಗೈಲಿ ಬರ್ತಾರಾ?"

"ತಪ್ಪಾಯ್ತು. ಬರೆದದ್ದು ನಾನೇ."

"ಗೊತ್ತು, ಕೆಳಗೆ ನಿನ್ನ ಸಹಿ ಇದೆ. ಓದ್ದೆ. ಚೆನ್ನಾಗೇ ಬರ್ದಿದ್ದೀಯ. ಇದ್ದಾಗ ಯಾರೂ ಇಷ್ಟು ಹೊಗಳಿರ್ಲಿಲ್ಲ."

"ನಿಜ ಹೇಳಿದರೆ ಪರಿಷತ್ತು ಫಲಕ ಇಳಿಸುತ್ತೆ. ನಿಮ್ಮ ಹೆಸರು ಹೋಗುತ್ತೆ. ಸುಮ್ಮನಿದ್ದರೆ..."

"ಸುಮ್ನಿದ್ರೆ ನಾನು ಸತ್ತೋನಾಗೇ ಇರ್ಬೇಕು, ಅಲ್ವಾ?" ಪುಸ್ತಕ ಮುಚ್ಚಿದರು. ನಗು ಹೋಗಿತ್ತು. "ಒಂದು ಕೇಳ್ಲಾ? ನಮ್ಮೂರಿಂದ ಇಲ್ಲಿಗೆ ಬರೋ ಬಸ್ಸು ನಿಂತೋಯ್ತಾ?"

"ಇಲ್ಲ. ಗಂಟೆಗೊಂದು ಇದೆ."

"ನಿಂತೋಗಿದೆ ಅಂದ್ಕೊಂಡಿದ್ದೆ."

ಅವರು ಚುಚ್ಚಲೆಂದು ಹೇಳಿರಲಿಲ್ಲ. ಆರು ವರ್ಷ ಹಾಗೆಂದುಕೊಂಡು ಊರಿನವರನ್ನೆಲ್ಲ ಕ್ಷಮಿಸಿಕೊಂಡು ಕೂತಿದ್ದರು. ನನಗೆ ತಲೆ ಎತ್ತಲಾಗಲಿಲ್ಲ.

ಗುರುವಾರ ಪರಿಷತ್ತಿನ ಸಭೆಯಲ್ಲಿ ಎದ್ದುನಿಂತು ಹೇಳಿದೆ. ಅಧ್ಯಕ್ಷೆ ಮಿಸೆಸ್ ಆಟ್ಲಿ ನನ್ನ ಮುಖ ಉಳಿಸಲು ನೋಡಿದರು. "ಕಚೇರಿಯ ಕೈತಪ್ಪು ಅಂತ ಬರೆದುಬಿಡೋಣ ಕಣೇ. ಯಾರಿಗಾದ್ರೂ ಆಗೋದೇ."

"ಬೇಡ," ಎಂದೆ. "ಕಾರ್ಯದರ್ಶಿ ವಿಚಾರಿಸದೆ ಬರೆದಳು ಅಂತ ಹಾಕಿ."

ಗುಮಾಸ್ತ ಹಾಗೆಯೇ ಬರೆದ. ಬೀದಿಗೆ ಹಾಥಾರ್ನ್ ಲೇನ್ ಎಂದು ಹೆಸರಾಯಿತು. ಹಾಥಾರ್ನ್ ಎಂದರೆ ಬೇಲಿಯ ಮುಳ್ಳುಗಿಡ; ಅದಕ್ಕೆ ಸಾವಿನ ದಾಖಲೆ ಬೇಕಾಗಲಿಲ್ಲ. ಶನಿವಾರ ವೃದ್ಧಾಶ್ರಮಕ್ಕೆ ಹೋಗಿ ಅದನ್ನು ಅವರಿಗೆ ತಿಳಿಸಿದೆ. ಪಾರ್ಫಿಟ್ ತಲೆಯಾಡಿಸಿ, ಪುಸ್ತಕದ ಒಂಬತ್ತನೆಯ ಪುಟದಲ್ಲಿ ಮೋರಿಯ ಅಳತೆ ತಪ್ಪಾಗಿದೆ, ಬರೆದುಕೋ ಎಂದರು.