ತಾರಸಿಗೆ ಮಣ್ಣು ಹಾಕಿದ ಅತ್ತೆ

ಮೊನ್ನೆ ನಮ್ಮ ಓಣಿಯ ಕೊನೆಯ ಮಣ್ಣಿನ ಚಾವಣಿಯ ಮಾಳಿಗೆ ಮನೆಯನ್ನು ಕೆಡವಿದರು. ಮೇಲಿನ ಮಣ್ಣು ಕುಸಿದಾಗ ಎದ್ದ ಧೂಳಿನಲ್ಲಿ ಹಳೆಯ ಹೊಗೆ, ಚೌಳು ಮಣ್ಣು ಎರಡರ ವಾಸನೆಯೂ ಇತ್ತು. ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಪಕ್ಕದ ಮನೆಯ ಅತ್ತೆ ನೆನಪಾದಳು...

ನನಗೆ ಅವಳು ನೆಂಟಳೇನಲ್ಲ. ನಾನು ಈ ಬಿಳಿಚೋಡು ಊರಿಗೆ ಸೊಸೆಯಾಗಿ ಬಂದಾಗ ಎಲ್ಲರೂ "ಅತ್ತೆ ಅನ್ನು" ಅಂದರು, ಅಂದೆ. ಎಪ್ಪತ್ತರ ದಶಕದಲ್ಲಿ ಓಣಿಯೆಲ್ಲ ಮಣ್ಣಿನ ಮಾಳಿಗೆಗಳೇ. ಮುಂಗಾರಿಗೆ ಮುಂಚೆ ಮೇಲೆ ಚೌಳು ಮಣ್ಣು ಹರಡಿ ತುಳಿಯಬೇಕು, ಇಲ್ಲದಿದ್ದರೆ ಸೋರುತ್ತದೆ. ಹೊಸ ಮಣ್ಣು ಕಾಣದಿದ್ದರೆ ಆ ಮನೆಗೆ ಹೆಂಗಸಿನ ದಿಕ್ಕಿಲ್ಲ ಎಂದು ಆಡಿಕೊಳ್ಳುತ್ತಿದ್ದರು. ಅತ್ತೆಯ ಮಾಳಿಗೆ ಎಂದೂ ಸೋರಲಿಲ್ಲ. ಮನೆಯಲ್ಲಿ ಅವಳ ಮಾತು ನಡೆಯುತ್ತಿದ್ದುದು ಅದರಿಂದಲೇ ಎಂದು ನನ್ನ ಅನಿಸಿಕೆ.

ಎಂಬತ್ತರ ದಶಕದಲ್ಲಿ ಅವಳ ಮಗ ಮನೆ ಕೆಡವಿ ಸಿಮೆಂಟಿನ ತಾರಸಿ ಹಾಕಿಸಿದ. ಅಷ್ಟರಲ್ಲಿ ಅಡುಗೆ ಸೊಸೆಯ ಕೈಗೆ ಹೋಗಿತ್ತು. ಮನೆಯೊಳಗೇ ಕಟ್ಟುತ್ತಿದ್ದ ದನಗಳು ಹೊಲದ ಕೊಟ್ಟಿಗೆಗೆ ಹೋದವು. ಅತ್ತೆ ಗೋಡೆಗೆ ಒರಗಿ ಕೂರತೊಡಗಿದಳು.

ಆ ವರ್ಷ ಮೋಡ ಕಟ್ಟಿತು. ಮಗ ಜಗಳೂರಿನ ಸಂತೆಗೆ ಹೋಗಿದ್ದಾಗ ಅತ್ತೆ ಬುಟ್ಟಿ ಬುಟ್ಟಿ ಚೌಳು ಮಣ್ಣು ಹೊತ್ತು, ಹೊಸ ತಾರಸಿಯ ತುಂಬ ಹರಡಿ ತುಳಿದಳು. ಸಂಜೆ ಮಳೆ ಬಂತು. ನೀರು ಹೋಗುವ ಕೊಳವೆ ಕಟ್ಟಿಕೊಂಡು, ಸುಣ್ಣ ಬಳಿದ ಗೋಡೆಯ ಮೇಲೆ ಕೆಸರು ಇಳಿಯಿತು.

ಮಗ ಬೀದಿಯಲ್ಲೇ ಕೂಗಿದ. "ಯವ್ವಾ, ತಲಿ ಕೆಟ್ಟೈತೇನು? ಸಿಮೆಂಟಿಗೆ ಯಾರಾರ ಮಣ್ಣು ಹಾಕ್ತಾರೇನು?"

ಎದುರು ಮನೆಯವನು ನಕ್ಕ. "ಅತ್ತೇ, ಮೇಲೆ ಒಂದೀಟು ಸಗಣೀನೂ ಸಾರಿಸಬೇಕಿತ್ತು."

"ಬಾರೋ, ನಿನ್ನ ಮೂತಿಗೆ ಸಾರಿಸ್ತೀನಿ" ಅಂದಳು. ಆಮೇಲೆ ಮಗನ ಕಡೆ ತಿರುಗಿ, "ಮತ್ತೆ ನಾನು ಏನು ಮಾಡಾಕೆ ಇರಬೇಕು ಈ ಮನ್ಯಾಗೆ, ಹೇಳು" ಅಂದಳು.

ಮಗ ಆಳು ಕರೆಸಿ ಮಣ್ಣು ಕೆರೆಸಿದ. ಇನ್ನು ಅವ್ವ ಮೇಲೆ ಹತ್ತಕೂಡದು ಅಂದ.

ಮುಂದಿನ ಮುಂಗಾರಿಗೆ ಅವಳು ನಮ್ಮ ಬಾಗಿಲಿಗೆ ಬಂದಳು. "ಏ ಹುಡುಗಿ, ನಿಮ್ಮ ಏಣಿ ಎಲ್ಲೈತೆ?" ನಮ್ಮದಿನ್ನೂ ಮಣ್ಣಿನ ಮಾಳಿಗೆ. ನಾನು ಮಣ್ಣು ಹೊತ್ತೆ, ಅವಳು ಹರಡಿದಳು. "ಹಿಂಗೇನೇ ತುಳಿಯೋದು? ಕೋಳಿ ಕೆದರಿದಂಗೈತೆ" ಎಂದು ಬೈದಳು. ಸಾಯುವವರೆಗೆ ವರ್ಷಕ್ಕೊಮ್ಮೆ ಬಂದು ಬೈದಳು. ಅವಳು ತೀರಿಕೊಂಡ ವರ್ಷ ನಾನೊಬ್ಬಳೇ ತುಳಿದೆ. ಒಳಗಿಟ್ಟ ಜೋಳದ ಮೂಟೆಗಳ ಮೇಲೆಲ್ಲ ಸೋರಿತು. ಆಮೇಲೆ ನಾವೂ ತಾರಸಿ ಹಾಕಿಸಿದೆವು...

ಈಗ ಸೋರುವುದಿಲ್ಲ. ಒಳ್ಳೆಯದೇ. ಮೋಡ ಕಟ್ಟಿದರೆ ಮೊಮ್ಮಕ್ಕಳು ಬಟ್ಟೆ ತರಲು ಮೇಲಕ್ಕೆ ಓಡುತ್ತಾರೆ. ನನಗೆ ಮೆಟ್ಟಿಲು ಹತ್ತಬೇಡ ಅಂದಿದ್ದಾರೆ. ಹತ್ತಿದರೂ ಅಲ್ಲಿ ನನಗೆ ಕೆಲಸವೇನೂ ಇಲ್ಲ.