ನಡುಮನೆಗೆ ಮೀರಿದ ಲೈಟು

ಆಗ ನನಗೆ ಐವತ್ತೈದು. ಹದಿನೈದು ವರ್ಷದ ಹಿಂದಿನ ಮಾತು. ಮೊನ್ನೆ ಟ್ರಂಕು ಒರೆಸುವಾಗ ನಮ್ಮ ಹಸುವಿನ ಕೊರಳ ಗಂಟೆ ಸಿಕ್ಕಿತು. ಅದರ ಜೊತೆ ಬಟ್ಟೆಯಲ್ಲಿ ಸುತ್ತಿಟ್ಟ ಗಾಜಿನ ಹರಳೂ ಇತ್ತು, ಹುಣಸೆ ಬೀಜಕ್ಕಿಂತ ದಪ್ಪ... ಬೆಳಕಿಗೆ ಹಿಡಿಯಲಿಲ್ಲ. ಹಿಡಿದರೆ ಹೊಳೆಯುತ್ತದೆ, ಹೊಳೆದರೆ ಈಗಲೂ ಎದೆ ಝಲ್ ಎನ್ನುತ್ತದೆ.

ಮಹದೇವಪುರದಲ್ಲಿ ನಮ್ಮ ಎದುರು ಮನೆಯ ಅಕ್ಕ ಹಳೆ ಹೆಂಚಿನ ಮನೆ ಕೆಡವಿ ಮೂರಂತಸ್ತು ಎಬ್ಬಿಸಿದಳು. ಮಗಳ ಮದುವೆಯಾದ ಛತ್ರದಲ್ಲಿ ಗಾಜಿನ ಸರಗಳು ಇಳಿಬಿದ್ದ ದೊಡ್ಡ ಲೈಟು ನೋಡಿದ್ದಳು. ಅಂಗಡಿಯವರು ಶಾಂಡ್ಲಿಯರ್ ಅನ್ನುತ್ತಾರೆ, ಅವಳ ಬಾಯಲ್ಲಿ ಅದು ಗೊಂಚಲು ಲೈಟು. ತನ್ನ ನಡುಮನೆಗೂ ಅದು ಬೇಕೆಂದು ಹಟ. ನನ್ನನ್ನೂ ಅಂಗಡಿಗೆ ಎಳೆದುಕೊಂಡು ಹೋದಳು.

"ರೂಮ್ ಅಳತೆ ಎಷ್ಟಮ್ಮ?" ಎಂದು ಅಂಗಡಿಯವನು ಕೇಳಿದ. "ಉದ್ದ ಅಗಲ ಎಷ್ಟಡಿ ಅಂತ ಹೇಳಿ. ಎರಡೂ ಕೂಡಿದ್ರೆ ಎಷ್ಟಾಗುತ್ತೋ ಅಷ್ಟು ಇಂಚು ಅಗಲದ ಲೈಟು ಸರಿಹೋಗುತ್ತೆ."

"ಥರ್ಟಿ ಫಾರ್ಟಿ," ಅಂದಳು ಅಕ್ಕ, ಸೆರಗು ಸರಿಮಾಡಿಕೊಂಡು.

ಅದು ಸೈಟಿನ ಅಳತೆ. ಮನೆ ಎಷ್ಟು ದೊಡ್ಡದು ಎಂದು ಯಾರು ಕೇಳಿದರೂ ನಮ್ಮ ಕಡೆ ಸೈಟಿನ ಅಳತೆಯನ್ನೇ ಹೇಳುವುದು. ಒಳಗಿನ ಕೋಣೆಯನ್ನು ಯಾರು ಅಳೆಯುತ್ತಾರೆ? ನನಗೂ ತಪ್ಪೆನಿಸಲಿಲ್ಲ. ನಡುಮನೆ ಅದರ ಕಾಲು ಭಾಗವೂ ಇರಲಿಲ್ಲ. ಅಂಗಡಿಯವನು ಇದ್ದುದರಲ್ಲೆಲ್ಲ ದೊಡ್ಡದನ್ನು ಕಟ್ಟಿಸಿ ಕಳಿಸಿದ.

ನೇತು ಹಾಕಿದ ಮೇಲೆ ನೋಡಿದರೆ ಸೂರಿನಿಂದ ತಲೆಯವರೆಗೂ ಗಾಜೇ ಗಾಜು. ಫ್ಯಾನಿಗೆಂದು ಬಿಟ್ಟಿದ್ದ ಕೊಕ್ಕೆಗೆ ಸಿಕ್ಕಿಸಿದ್ದರು. ರಸ್ತೆಯಲ್ಲಿ ಲಾರಿ ಹೋದರೆ ಸಾಕು, ಹರಳುಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟುತ್ತಿದ್ದವು.

"ತೆಗಿಸ್ಬುಡಕ್ಕ. ಯಾರ್ ತಲೆ ಮ್ಯಾಲಾದ್ರೂ ಬಿದ್ದಾತು," ಅಂದೆ.

"ಒಟ್ಟೆ ಉರಿ ಕಣೇ ನಿಂಗೆ. ನಿನ್ ಮನೇಲಿ ಇರೋದು ಜೀರೋ ಬಲ್ಬು ತಾನೇ," ಅಂದು ನಕ್ಕಳು. ಆದರೆ ಅವಳೂ ಅದರ ಕೆಳಗೆ ನಿಲ್ಲುತ್ತಿರಲಿಲ್ಲ. ನಾನು ನೋಡಿದ್ದೆ.

ಗೃಹಪ್ರವೇಶದ ದಿನ ಮೊದಲು ಹಸು ಒಳಗೆ ಕಾಲಿಡಬೇಕು. ನಮ್ಮ ಬೀದಿಯಲ್ಲಿ ಹಸು ಉಳಿದಿದ್ದದ್ದು ನನ್ನ ಕೊಟ್ಟಿಗೆಯಲ್ಲಿ ಮಾತ್ರ. ಹಣೆಗೆ ಅರಿಶಿನ ಕುಂಕುಮ ಹಚ್ಚಿ ಹಗ್ಗ ಹಿಡಿದು ಕರೆತಂದೆ. ಹೊಸ್ತಿಲಿಗೆ ಬಂದದ್ದೇ ಒಳಗಿನ ಹೊಳಪು ನೋಡಿ ನಿಂತುಬಿಟ್ಟಿತು. ತಳ್ಳಿದರೂ ಕದಲಲಿಲ್ಲ. ಹಿಂದೆ ನಿಂತಿದ್ದ ಅಕ್ಕನ ಬೀಗರು, ಮಗಳ ಗಂಡನ ಮನೆಯವರು, ಶುರು ಮಾಡಿದರು, "ಗೋವೇ ಒಳಕ್ಕೆ ಬರಾಕಿಲ್ಲ ಅಂತದೆ. ಈ ಮನೆ ಆಗಿಬರಾಕಿಲ್ಲ ಬುಡು."

ಅಕ್ಕನ ಮುಖ ಬಿಳುಚಿತು. ಆ ಮಾತು ಒಮ್ಮೆ ಅಂಟಿಕೊಂಡರೆ ಆ ಮನೆಯಲ್ಲಿ ಅವಳು ನೆಮ್ಮದಿಯಾಗಿ ಒಂದು ತುತ್ತು ಉಣ್ಣುವ ಹಾಗಿರಲಿಲ್ಲ. ಬಾಳೆಹಣ್ಣು ಹಿಡಿದು ಸೀದಾ ಹೋಗಿ ಲೈಟಿನ ಕೆಳಗೇ ನಿಂತಳು. "ಬಾರವ್ವ... ಬಾ."

ಹಸು ನುಗ್ಗಿತು. ಹಣ್ಣಿಗೆ ಕತ್ತೆತ್ತಿದಾಗ ಕೊಂಬು ಹರಳಿನ ಸರಕ್ಕೆ ಸಿಕ್ಕಿಕೊಂಡಿತು. ತಲೆ ಕೊಡವಿತು. ಮೇಲೆ ಕೊಕ್ಕೆ ಕಿರ್ರೆಂದಿತು, ಅಕ್ಕನ ತಲೆ ಮೇಲೆ ಗಾರೆ ಪುಡಿ ಉದುರಿತು. ಎಲ್ಲರೂ ಗೋಡೆಗೆ ಅಂಟಿಕೊಂಡರು. ಹಗ್ಗ ಎಳೆದರೆ ಲೈಟು ಬೀಳುತ್ತದೆ, ಬಿಟ್ಟರೂ ಬೀಳುತ್ತದೆ. ಹಗ್ಗವನ್ನು ಹಾಗೇ ಹಿಡಿದು ನಿಂತೆ. ಅಕ್ಕ ಓಡಲಿಲ್ಲ. ಒಂದು ಕೈಯಲ್ಲಿ ಕೊಂಬು ಹಿಡಿದು ಇನ್ನೊಂದರಲ್ಲಿ ಮೆಲ್ಲಗೆ ಸರ ಬಿಡಿಸಿದಳು. ಒಂದು ಹರಳು ಕಿತ್ತು ಬಂತು. ಅದನ್ನು ನನ್ನ ಕೈಗೆ ತುರುಕಿ ಕಿವಿಯಲ್ಲಿ ಹೇಳಿದಳು, "ಯಾರ್ಗೂ ಯೋಳ್ಬ್ಯಾಡ ಕಣೇ. ಉಚ್ಚೆ ಉಯ್ಕೊಂಬುಟ್ಟಿವ್ನಿ."

ಅವಳ ಕಾಲ ಬುಡ ಒದ್ದೆಯಾಗಿದ್ದು ಕಂಡು ಬೀಗರು, ಗೋವು ಒಳಗೆ ಗಂಜಲ ಹಾಕಿತು, ಇದಕ್ಕಿಂತ ಒಳ್ಳೆಯ ಶಕುನ ಬೇಕೇ ಅಂದರು. ಒಬ್ಬಾಕೆ ಬೆರಳು ಅದ್ದಿ ತಲೆಗೆ ಪ್ರೋಕ್ಷಿಸಿಕೊಂಡಳು. ನಾನು ಹಸುವಿನ ಬೆನ್ನು ತಟ್ಟಿದೆ.

ಲೈಟು ತೆಗೆಸಿದರೆ ಬೀಗರು ಮತ್ತೆ ಬಾಯಿ ತೆರೆಯುತ್ತಾರೆ ಎಂದು ಅಕ್ಕ ತೆಗೆಸಲೇ ಇಲ್ಲ. ಅದರ ಕೆಳಗೆ ಮತ್ತೆ ನಿಲ್ಲಲೂ ಇಲ್ಲ. ಆ ಮನೆಯವರೆಲ್ಲ ಗೋಡೆ ಬದಿಯಲ್ಲೇ ಓಡಾಡಿದರು, ಹೋದಾಗ ನಾನೂ ಹಾಗೇ. ಕೆಲವು ವರ್ಷ ಕಳೆದು ಜ್ವರ ಬಂದು ಅಕ್ಕ ಹೋದಳು. ಮಲಗಿಸಲು ಬೇರೆ ಜಾಗವಿರಲಿಲ್ಲ, ಲೈಟಿನ ಕೆಳಗೇ ಮಲಗಿಸಿದ್ದರು... ನಾನು ಹೊಸ್ತಿಲಲ್ಲಿ ನಿಂತೆ. ಕಾಲು ಮುಂದೆ ಬರಲಿಲ್ಲ.

ಈಗ ಆ ಮನೆ ಪಿಜಿ ಆಗಿದೆ. ಲೈಟು ಗುಜರಿಗೆ ಹೋಯಿತಂತೆ. ಹಸುವೂ ಇಲ್ಲ. ಹೊಟ್ಟೆ ಉರಿ ಕಣೇ ಎಂದು ನನ್ನನ್ನು ಬೈಯುವವರೂ ಇಲ್ಲ.

ಆಗ, ಅಕ್ಕನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ, ಆ ಮನೆಗೆ ಹೋದೆ. ಹೆಣ ಮಲಗಿಸಿದ್ದ ಜಾಗದಲ್ಲಿ ಹಣತೆ ಹಚ್ಚಿಟ್ಟಿದ್ದರು. ಆರಬಾರದ ಆ ದೀಪದ ಎಣ್ಣೆ ತಳ ಕಂಡಿತ್ತು. ಮನೆಯವರು ಗೋಡೆ ಬದಿಯಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಎಣ್ಣೆ ಬಟ್ಟಲು ಈಸಿಕೊಂಡು ಲೈಟಿನ ಕೆಳಗೆ ಹೋದೆ. ಮೇಲೆ ನೋಡದೆ ಕುಕ್ಕರಗಾಲಲ್ಲಿ ಕೂತು ಎಣ್ಣೆ ಹೊಯ್ದೆ, ಬತ್ತಿ ಮುಂದಕ್ಕೆ ತಳ್ಳಿದೆ.